ಮಾಫಿ ಕೇಳಲು ಉಳಿದವರು

ಡಿಸೆಂಬರ್ 11, 2002, ಬುಧವಾರ

ಇನ್ಶೂರೆನ್ಸ್ ಏಜೆಂಟ್ ರಂಗನಾಥ್ ಪ್ರತಿವರ್ಷ ಒಂದು ಡೈರಿ ಕೊಡುತ್ತಾನೆ. ಪ್ರತಿವರ್ಷವೂ ಅದು ಅಂಗಡಿಯ ಡ್ರಾಯರಿನಲ್ಲಿ ಬಾಬಿನ್ನು, ಸೂಜಿ, ಎಣ್ಣೆ ಡಬ್ಬಿಗಳ ಕೆಳಗೆ ಖಾಲಿಯಾಗಿಯೇ ಹಳತಾಗುತ್ತದೆ. ಇವತ್ತು ಅದನ್ನು ತೆಗೆದು ಒರೆಸಿ ಬರೆಯಲು ಕೂತಿದ್ದೇನೆ. ಯಾರಿಗೂ ಹೇಳಲಾಗದ್ದನ್ನು ಎಲ್ಲಾದರೂ ಇಳಿಸಲೇಬೇಕು. ಮೂವತ್ತು ವರ್ಷ ಹೊಲಿಗೆ ಮಿಷನ್ ರಿಪೇರಿ ಮಾಡಿದವನಿಗೆ ಮಿಷನ್ನುಗಳ ಜೊತೆ ಮಾತಾಡುವ ಅಭ್ಯಾಸ ಇದೆ, ನಿಜ. ಆದರೆ ಊಟದ ಡಬ್ಬಿ ತರುವ ಮಗಳು ಐಮನ್ ಅದನ್ನು ಕೇಳಿಸಿಕೊಂಡು, ಅಬ್ಬಾಗೆ ತಲೆ ಕೆಟ್ಟಿದೆ ಅಂತ ಮನೆಯಲ್ಲಿ ಹೇಳುತ್ತಾಳೆ.

ನಿನ್ನೆ ನನ್ನ ಹೆಂಡತಿ ಮೆಹತಾಬಳನ್ನು ಬೆಂಗಳೂರಿನ ಆಸ್ಪತ್ರೆಗೆ ಕರೆದುಕೊಂಡು ಹೋಗಿದ್ದೆ. ರಂಜಾನ್ ತಿಂಗಳು ಪೂರ್ತಿ ಅವಳಿಗೆ ಹೊಟ್ಟೆನೋವು. ಉಪವಾಸಕ್ಕೆ ಹೀಗಾಗಿದೆ ಅಂದುಕೊಂಡಿದ್ದೆವು. ಡಾಕ್ಟರು ಅವಳನ್ನು ಹೊರಗೆ ಬೆಂಚಿನ ಮೇಲೆ ಕೂರಿಸಿ ನನ್ನೊಬ್ಬನನ್ನೇ ಒಳಗೆ ಕರೆದರು. ಹಾಳೆಯ ಮೇಲೆ ಹೊಟ್ಟೆಯ ಚಿತ್ರ ಬರೆದು ಅದರ ಹಿಂಭಾಗದಲ್ಲಿ ಒಂದು ಗೀಟು ಹಾಕಿದರು. ಕ್ಯಾನ್ಸರ್. ಆಪರೇಷನ್ ಮಾಡುವ ಹಂತ ದಾಟಿದೆಯಂತೆ. ಎಷ್ಟು ದಿನ ಅಂತ ಕೇಳಿದೆ. ಮೂರು ತಿಂಗಳು, ನಾಲ್ಕಾದರೆ ಅದೃಷ್ಟ ಅಂದರು.

ಹೊರಗೆ ಬಂದಾಗ ಅವಳು ‘ಏನಂತೆ?’ ಅಂದಳು.

‘ಹೊಟ್ಟೇಲಿ ಹುಣ್ಣಂತೆ. ಖಾರ ಬಿಡ್ಬೇಕಂತೆ.’

‘ಇಷ್ಟಕ್ಕೆ ಬೆಂಗಳೂರು ತನಕ ಬರ್ಬೇಕಿತ್ತಾ?’ ಅಂದಳು. ನಾನು ನಕ್ಕೆ. ಹೇಗೆ ನಕ್ಕೆನೋ ಅಲ್ಲಾನಿಗೇ ಗೊತ್ತು.

ಜನವರಿ ಇಪ್ಪತ್ತಕ್ಕೆ ನಮ್ಮಿಬ್ಬರ ಹಜ್ ವಿಮಾನ. ಹೋಗಿ ಬರಲು ನಲವತ್ತೈದು ದಿನ. ಇಪ್ಪತ್ತೆರಡು ವರ್ಷದ ಹಿಂದೆ, ಐಮನ್ ಹುಟ್ಟುವುದಕ್ಕೂ ಮುಂಚೆ, ಅವಳು ಕೇಳಿದ್ದು ಇದೊಂದನ್ನೇ. ಮುಂದಿನ ವರ್ಷ ಅಂದೆ. ಅಂಗಡಿ ಆಗಲಿ ಅಂದೆ, ಮನೆಗೆ ತಾರಸಿ ಆಗಲಿ ಅಂದೆ, ಮಗ ಯಾಸಿರನ ಡಿಪ್ಲೊಮಾ ಮುಗಿಯಲಿ ಅಂದೆ. ಈಗ ಹಜ್ ಪಟ್ಟಿಯಲ್ಲಿ ಹೆಸರು ಬಂದಿದೆ, ಅವಳ ದಿನ ಮುಗಿಯುತ್ತಿದೆ. ಊರು ಸೂರೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದವನು ನಾನು. ಅವಳು ಒಂದು ಸಲ ತನ್ನ ಕಾಲ ಮೇಲೆ ನಿಂತು ಕಾಬಾ ನೋಡಬೇಕು. ನನಗೆ ಬೇರೆ ಏನೂ ಬೇಡ. ಅಲ್ಲಿಯವರೆಗೆ ಅವಳಿಗೆ, ಮಕ್ಕಳಿಗೆ, ಯಾರಿಗೂ ವಿಷಯ ಗೊತ್ತಾಗಬಾರದು.

ಡಿಸೆಂಬರ್ 14, ಶನಿವಾರ

ಮಸೀದಿಯಲ್ಲಿ ಹಜ್‌ಗೆ ಹೋಗುವವರಿಗೆ ತರಗತಿ ಇತ್ತು. ಮೌಲ್ವಿಗಳು ಹೇಳಿದ್ದು ಇಷ್ಟು. ಮತ್ತೆ ಬರುವುದಿಲ್ಲ ಎನ್ನುವ ಹಾಗೆ ಮನೆಯನ್ನು ಓರಣ ಮಾಡಿ ಹೊರಡಿ. ಯಾರ ವಸ್ತು ನಿಮ್ಮಲ್ಲಿದೆಯೋ ವಾಪಸ್ ಕೊಡಿ. ಯಾರ ಮನಸ್ಸು ನೋಯಿಸಿದ್ದೀರೋ ಅವರ ಬಾಗಿಲಿಗೆ ಹೋಗಿ ಮಾಫಿ ಕೇಳಿ. ನಿಮ್ಮ ನೆರೆಯವನಿಗೆ ಮಾಡಿದ ತಪ್ಪನ್ನು ಆ ನೆರೆಯವನು ಮಾಫ್ ಮಾಡದೆ ಅಲ್ಲಿ ಹೋಗಿ ಅತ್ತರೆ ಪ್ರಯೋಜನವಿಲ್ಲ.

ಪರದೆಯ ಆಚೆ ಹೆಂಗಸರ ಸಾಲಿನಲ್ಲಿ ಮೆಹತಾಬ್ ಕೇಳಿಸಿಕೊಂಡಳು. ಮನೆಗೆ ಬಂದವಳು ಬುರ್ಖಾ ಕೂಡ ತೆಗೆಯದೆ ಅಟ್ಟದ ಮೇಲಿಂದ ಪಕ್ಕದ ಮನೆ ಸಿದ್ದಗಂಗಮ್ಮನ ಹಿತ್ತಾಳೆ ಕೊಳಗ ಇಳಿಸಿದಳು. ಅದು ನಮ್ಮ ಮನೆಗೆ ಬಂದು ಎರಡು ವರ್ಷವಾಗಿತ್ತು. ಹುಣಸೆಹಣ್ಣು ಹಾಕಿ ಬೆಳಗಿ ತಾನೇ ಹೊತ್ತುಕೊಂಡು ಹೋದಳು.

‘ಸಿದ್ದಗಂಗಮ್ಮಾ, ತಪ್ಪೋ ಒಪ್ಪೋ, ಏನಾರ ಅಂದಿದ್ರೆ ಮಾಫ್ ಮಾಡ್ಬುಡಿ.’

‘ಅಯ್ಯೋ, ನೀನ್ ಅಂದಿರೋದು ಏನೈತೆ? ನಾನೇ ನಿನ್ ಕೋಳಿಗಳಿಗೆ ದಿನಾ ಬೈಕತೀನಿ. ಅದನ್ನ ಯಾರ್ ಮಾಫ್ ಮಾಡ್ತಾರೆ?’

ಇಬ್ಬರೂ ನಕ್ಕರು. ಬರುವಾಗ ಅವಳು ಗೋಡೆ ಹಿಡಿದುಕೊಂಡು ಬಂದಳು. ನಾನು ನೋಡದವನ ಹಾಗೆ ಪೇಪರ್ ತಿರುವಿದೆ.

ಡಿಸೆಂಬರ್ 18, ಬುಧವಾರ

ಮಕ್ಕಾದಲ್ಲಿ ಕೊಡುವ ರೂಮಿನಲ್ಲಿ ನಾವೇ ಅಡುಗೆ ಮಾಡಿಕೊಳ್ಳಬೇಕಂತೆ. ಮೆಹತಾಬಳಿಗೆ ಇದೊಂದು ನೆಪ ಸಿಕ್ಕಿಬಿಟ್ಟಿದೆ. ‘ನನಗೆ ಹುಣ್ಣು. ಒಲೆ ಮುಂದೆ ನಿಂತ್ರೆ ಸುಸ್ತಾಗ್ತದೆ. ನೀವೇ ಕಲ್ತ್ಕೊಳ್ಳಿ’ ಅಂತ ಐವತ್ತೇಳು ವರ್ಷದ ನನ್ನನ್ನು ಅಡುಗೆಮನೆಗೆ ಎಳೆದಳು. ಉಪ್ಪು ಎಲ್ಲಿದೆ ಅಂತ ನನಗೆ ಗೊತ್ತಿರಲಿಲ್ಲ. ಮೂವತ್ತು ವರ್ಷ ತಿಂದಿದ್ದೇನೆ, ಡಬ್ಬ ನೋಡಿಲ್ಲ. ಅನ್ನ ಸೀದುಹೋಯಿತು. ಐಮನ್ ಬಾಯಿಗೆ ದುಪಟ್ಟಾ ಅಡ್ಡ ಹಿಡಿದು ನಕ್ಕಳು. ನನಗೆ ಸಿಟ್ಟು ಬಂದು ಸೌಟು ಎಸೆದೆ.

‘ಎತ್ಕೊಳ್ಳಿ,’ ಅಂದಳು ಮೆಹತಾಬ್. ‘ಎಸೆದೋರೇ ಎತ್ಬೇಕು.’

ಇಷ್ಟು ವರ್ಷ ಎತ್ತುತ್ತಿದ್ದವಳು ಅವಳೇ. ಇರಲಿ, ಹಜ್‌ಗೆ ಹೋಗುವವನು ಸಿಟ್ಟು ಬಿಡಬೇಕು ಅಂತ ಎತ್ತಿಟ್ಟೆ.

ಅಡುಗೆ ಸಾಲದು ಅಂತ ನೀರಿನ ಮೋಟರು ಯಾವಾಗ ಹಾಕಬೇಕು, ರೇಷನ್ ಕಾರ್ಡು ಯಾವ ಟ್ರಂಕಿನಲ್ಲಿದೆ, ಐಮನ್‌ಗೆ ಯಾವ ಮಾತ್ರೆ ಕೊಟ್ಟರೆ ಮೈ ತುರಿಸುತ್ತದೆ, ಎಲ್ಲ ಹೇಳಿಕೊಟ್ಟಳು. ಮಕ್ಕಾದಲ್ಲಿ ನಮ್ಮ ತುಮಕೂರಿನ ಬಟವಾಡಿ ಮನೆಯ ಮೋಟರು ಯಾಕೆ ಅಂತ ಕೇಳಿದೆ. ‘ತಿಳ್ಕೊಂಡಿರಿ’ ಅಂದಳು. ಹೆಂಗಸರು ಊರು ಬಿಡುವಾಗ ಹೀಗೆ ಆಡುತ್ತಾರೆ.

ಡಿಸೆಂಬರ್ 21, ಶನಿವಾರ

ಯಾತ್ರಿಕರು ಆರೋಗ್ಯವಾಗಿದ್ದಾರೆ ಅಂತ ಡಾಕ್ಟರ ಸರ್ಟಿಫಿಕೇಟ್ ಬೇಕು. ನಮ್ಮನ್ನು ಇಪ್ಪತ್ತು ವರ್ಷದಿಂದ ನೋಡುವ ಡಾಕ್ಟರ ಹತ್ತಿರ ಒಬ್ಬನೇ ಹೋಗಿ ಬೆಂಗಳೂರಿನ ಕಾಗದ ತೋರಿಸಿದೆ. ಓದಿ ಕನ್ನಡಕ ತೆಗೆದರು.

‘ಅಜ್ಮತುಲ್ಲಾ, ಅಲ್ಲಿ ಲಕ್ಷಾಂತರ ಜನದ ಮಧ್ಯೆ ಆಯಮ್ಮ ಹೇಗ್ರೀ ನಿಲ್ತಾರೆ? ನಾನು ಸೈನ್ ಹಾಕಲ್ಲ.’

ಕೈ ಮುಗಿದೆ. ಕಾಲು ಹಿಡಿಯುತ್ತೇನೆ ಅಂದೆ. ‘ಅವ್ರಿಗೆ ಹೇಳಿದೀರಾ?’ ಅಂತ ಕೇಳಿದರು. ಇಲ್ಲ ಅಂದೆ. ‘ಮೊದಲು ಅವ್ರನ್ನ ಕೇಳಿ’ ಅಂದರು. ಡಾಕ್ಟರಿಗೇನು ಗೊತ್ತು. ಅವಳು ಇಪ್ಪತ್ತೆರಡು ವರ್ಷದ ಹಿಂದೆಯೇ ಹೇಳಿಯಾಗಿದೆ.

ಡಿಸೆಂಬರ್ 24, ಮಂಗಳವಾರ

ಸರ್ಟಿಫಿಕೇಟ್ ಸಿಕ್ಕಿತು. ಇನ್ನೊಬ್ಬ ಡಾಕ್ಟರು, ಎಲ್ಲಿ ಅಂತ ಬರೆಯುವುದಿಲ್ಲ, ಮೆಹತಾಬಳ ಮುಖವನ್ನೂ ನೋಡದೆ ಸೀಲು ಒತ್ತಿ ಕೊಟ್ಟರು. ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಅಂತಾರೆ. ಒಂದು ಸುಳ್ಳು ಹೇಳಿ ಹಜ್ ಮಾಡು ಅಂತ ಯಾರೂ ಹೇಳಿಲ್ಲ. ಹೊರಗೆ ಬಂದು ರಸ್ತೆಬದಿ ನಲ್ಲಿಯಲ್ಲಿ ಮೂರು ಸಲ ಮುಖ ತೊಳೆದೆ.

ಡಿಸೆಂಬರ್ 28, ಶನಿವಾರ

ಕುಣಿಗಲ್‌ಗೆ ಹೋಗಿ ಬಂದೆವು. ಮೆಹತಾಬಳ ತಂಗಿ ಅರ್ಶಿಯಾ ಅಲ್ಲಿದ್ದಾಳೆ. ಒಂಬತ್ತು ವರ್ಷದ ಹಿಂದೆ ಹೊಸ ಮನೆಯ ದಾವತ್‌ಗೆ ಅವಳು ಅಕ್ಕನ ಮನೆಗೆ ಖುದ್ದಾಗಿ ಬಂದು ಕರೆಯಲಿಲ್ಲ, ಕಾರ್ಡನ್ನು ಅಂಚೆಯಲ್ಲಿ ಕಳಿಸಿದಳು. ‘ಒಡಹುಟ್ಟಿದೋಳನ್ನ ಪೋಸ್ಟ್‌ಮ್ಯಾನ್ ಬಂದು ಕರೀಬೇಕಾ?’ ಅಂತ ಮೆಹತಾಬ್ ಹೋಗಲಿಲ್ಲ. ಅವತ್ತಿನಿಂದ ಮಾತಿಲ್ಲ, ಕತೆಯಿಲ್ಲ.

ಬಸ್ಸಿನಲ್ಲಿ ಪ್ರತಿ ಹಳ್ಳಕ್ಕೂ ಅವಳು ಕಣ್ಣು ಮುಚ್ಚಿಕೊಳ್ಳುತ್ತಿದ್ದಳು. ಅರ್ಶಿಯಾ ಬಾಗಿಲು ತೆರೆದಳು. ಬಾಗಿಲು ತಟ್ಟಲು ಎತ್ತಿದ ಮೆಹತಾಬಳ ಕೈಯಲ್ಲಿ ಬಳೆಗಳು ಮೊಣಕೈವರೆಗೆ ಜಾರಿದ್ದವು. ತಂಗಿ ಅದನ್ನೇ ನೋಡುತ್ತಾ ನಿಂತಳು. ಅಕ್ಕತಂಗಿ ಒಳಗಿನ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡರು. ಅರ್ಶಿಯಾಳ ಗಂಡ ಅಶ್ಫಾಕ್ ನನಗೆ ತನ್ನ ಪ್ಲೈವುಡ್ ಅಂಗಡಿಯ ಕತೆಯನ್ನು ಎರಡು ಗಂಟೆ ಹೇಳಿದ. ಒಳಗಿಂದ ಅಳು ಕೇಳಿಸಿತು, ಒಮ್ಮೆ ನಗುವೂ ಕೇಳಿಸಿತು.

ಹೊರಗೆ ಬಂದಾಗ ಇಬ್ಬರ ಕಣ್ಣೂ ಊದಿಕೊಂಡಿದ್ದವು. ಅರ್ಶಿಯಾ ನನ್ನ ಮುಖ ನೋಡಲಿಲ್ಲ. ‘ಭಾಯಿಜಾನ್, ಇಪ್ಪತ್ತನೇ ತಾರೀಕಿಂದ ನಾನು ಬಂದು ಅಲ್ಲೇ ಇರ್ತೀನಿ. ಎಷ್ಟು ದಿನ ಆದ್ರೂ ಇರ್ತೀನಿ’ ಅಂದಳು. ನಾವಿಲ್ಲದಾಗ ಐಮನ್ ಒಬ್ಬಳೇ ಆಗುತ್ತಾಳೆಂಬ ದೊಡ್ಡ ಚಿಂತೆ ಕಳೆಯಿತು. ಒಂದು ಮಾಫಿಗೆ ಎಷ್ಟು ಶಕ್ತಿ ಅಂತ ಆಶ್ಚರ್ಯಪಟ್ಟೆ. ಬರುವಾಗ ಮೆಹತಾಬ್ ಬಸ್ಸಿನಲ್ಲಿ ನನ್ನ ಹೆಗಲ ಮೇಲೆ ತಲೆ ಇಟ್ಟು ಮಲಗಿದಳು. ಮೂವತ್ತು ವರ್ಷದಲ್ಲಿ ನಾಲ್ಕು ಜನರ ಮುಂದೆ ಹೀಗೆ ಮಾಡಿದವಳಲ್ಲ. ನಾನು ತುಮಕೂರು ಬರುವವರೆಗೆ ಅಲುಗಾಡದೆ ಕೂತೆ. ತೋಳು ಜೋಮು ಹಿಡಿಯಿತು.

ಡಿಸೆಂಬರ್ 31, ಮಂಗಳವಾರ

ಮಾಫಿ ಕೇಳಬೇಕಾದವರ ನನ್ನ ಪಟ್ಟಿಯೂ ಉದ್ದವಾಗಿಯೇ ಇದೆ. ಇವತ್ತು ಗುಬ್ಬಿಗೆ ಹೋಗಿ ಟೈಲರ್ ರುದ್ರಯ್ಯನನ್ನು ಕಂಡೆ. ಎಂಟು ವರ್ಷದ ಹಿಂದೆ, ಅವನ ಮಗಳ ಮದುವೆಯ ವಾರದಲ್ಲಿ ಅವನ ಮಿಷನ್ ಕೆಟ್ಟಿತ್ತು. ನನಗೆ ಬೇರೆ ಕಡೆ ಕೆಲಸವಿತ್ತು. ಪಾರ್ಟ್ ಬೆಂಗಳೂರಿಂದ ಬಂದಿಲ್ಲ ಅಂತ ಸುಳ್ಳು ಹೇಳಿದ್ದೆ. ಪಾರ್ಟು ನನ್ನ ಜೇಬಿನಲ್ಲೇ ಇತ್ತು. ಅದನ್ನು ಹೇಳಿ ಮಾಫಿ ಕೇಳಿದೆ.

ರುದ್ರಯ್ಯ ಕತ್ತರಿ ಕೆಳಗಿಟ್ಟ. ‘ನಂದೇನೈತೆ ಬುಡಿ ಸಾಬ್ರೇ. ನಾನು ಬೀಡಿ ಸೇದ್ಕೊಂಡು ಕೂತಿದ್ದೆ. ಆರು ರವಿಕೆ ಕೈಯಾಗೆ ಹೊಲ್ದೋಳು ನಮ್ಮನೆಯೋಳು. ಬೆರಳೆಲ್ಲ ತೂತು. ಅವಳನ್ನ ಕೇಳ್ಬೇಕಿತ್ತು ನೀವು.’

‘ಒಳಗಿದಾರಾ?’

‘ಹೋಗಿ ಮೂರು ವರ್ಸ ಆಯ್ತು.’

ಟೀ ತರಿಸಿದ. ಕುಡಿಯಲಾಗಲಿಲ್ಲ. ಬಸ್ ಸ್ಟಾಂಡಿನ ಕಲ್ಲಿನ ಮೇಲೆ ಕೂತು ಅತ್ತೆ. ರುದ್ರಯ್ಯನ ಹೆಂಡತಿಯ ಮುಖ ಕೂಡ ನನಗೆ ನೆನಪಿಲ್ಲ. ಎರಡು ಬಸ್ಸು ಹೋದವು, ಮೂರನೆಯದನ್ನು ಹತ್ತಿದೆ.

ಜನವರಿ 3, 2003, ಶುಕ್ರವಾರ

ಕಾಬಾದ ಸುತ್ತ ಏಳು ಸುತ್ತು ನಡೆಯಬೇಕು. ಅದಕ್ಕೆ ಈ ವಾರದಿಂದ ಬೆಳಗಿನ ನಮಾಜ್ ಆದ ಮೇಲೆ ಮೆಹತಾಬಳನ್ನು ಮೈದಾನಕ್ಕೆ ಕರೆದುಕೊಂಡು ಹೋಗುತ್ತಿದ್ದೇನೆ. ಇವತ್ತು ಮೂರು ಸುತ್ತು ನಡೆದಳು. ಮೂರನೆಯದರಲ್ಲಿ ನನ್ನ ತೋಳು ಹಿಡಿದಳು.

ಜನವರಿ 6, ಸೋಮವಾರ

ಒಂದೂವರೆ ಸುತ್ತಿಗೇ ಕೂತುಬಿಟ್ಟಳು. ‘ಹೀಗಾದ್ರೆ ಅಲ್ಲಿ ಹೇಗೆ ನಡೀತೀಯ? ಮನಸ್ಸು ಮಾಡಲ್ಲ ನೀನು’ ಅಂತ ಬೈದೆ. ಅವಳು ಎದ್ದು ಇನ್ನೂ ಅರ್ಧ ನಡೆದಳು. ಮನೆಗೆ ಬಂದು ವಾಂತಿ ಮಾಡಿಕೊಂಡಳು. ನಾನು ತೊಳೆದೆ. ಅಕ್ಕಿ ನುಚ್ಚಿನ ಗಂಜಿ ಮಾಡಿ, ಉಪ್ಪು ಕಮ್ಮಿ ಹಾಕಿ ಆರಿಸಿ ಕೊಟ್ಟೆ. ನಾಲ್ಕು ಚಮಚ ಇಳಿಯಿತು.

ಬೈಯಬಾರದಿತ್ತು.

ಜನವರಿ 9, ಗುರುವಾರ

ಗೇಟಿನವರೆಗೆ.

ಯಾ ಅಲ್ಲಾ, ಹನ್ನೊಂದು ದಿನ. ಹನ್ನೊಂದು ದಿನ ಅವಳನ್ನು ಹಿಡಿದು ನಿಲ್ಲಿಸು, ಆಮೇಲೆ ನನ್ನ ಕಾಲು ಮುರಿ, ಕಣ್ಣು ಕಿತ್ತುಕೋ, ನಾನು ಕೇಳುವುದಿಲ್ಲ.

ಇಲ್ಲೇ ಪಕ್ಕದ ಸತ್ಯಮಂಗಲದಲ್ಲಿ ಕೆಲಸ ಮಾಡುವ ಮಗ ಯಾಸಿರ್‌ಗೆ ಗಾಲಿ ಇರುವ ಮಡಚುವ ಕುರ್ಚಿ ಎಲ್ಲಾದರೂ ಸಿಗುತ್ತದಾ ನೋಡು ಅಂದೆ. ‘ಹುಣ್ಣಿಗೆ ಗಾಲಿ ಕುರ್ಚಿ ಯಾಕಬ್ಬಾ?’ ಅಂದ. ಹೇಳಿದಷ್ಟು ಮಾಡು ಅಂತ ಗದರಿದೆ. ಅವನು ನನ್ನನ್ನು ಸುಮ್ಮನೆ ನೋಡಿದ. ಆ ನೋಟದಲ್ಲಿ ಪ್ರಶ್ನೆ ಇರಲಿಲ್ಲ. ನನಗೆ ಈಗ ಎಲ್ಲರ ಮೇಲೂ ಅನುಮಾನ.

ಜನವರಿ 12, ಭಾನುವಾರ

ಬೀಳ್ಕೊಡುಗೆಯ ದಾವತ್ ಆಯಿತು. ಗಲ್ಲಿಯವರೆಲ್ಲ ಬಂದರು. ನಮ್ಮಿಬ್ಬರ ಕೊರಳಿಗೂ ಸೇವಂತಿಗೆ ಹಾರ. ‘ಅಲ್ಲಿ ನಮ್ಮ ಹೆಸರಲ್ಲೂ ದುಆ ಕೇಳಿ’ ಅಂತ ಚೀಟಿಗಳ ರಾಶಿ. ಮಕ್ಕಾದ ಪವಿತ್ರ ಜಮ್‌ಜಮ್ ನೀರಿನಲ್ಲಿ ಅದ್ದಿಕೊಂಡು ಬನ್ನಿ ಅಂತ ಮೂವರು ಸತ್ತಾಗ ತಮಗೆ ಹೊದಿಸುವ ಕಫನ್ ಬಟ್ಟೆಯನ್ನೇ ತಂದು ಕೊಟ್ಟರು. ಮೆಹತಾಬ್ ಒಂದೊಂದನ್ನೂ ಮಡಚಿ ಹೆಸರು ಹೊಲಿದಳು.

ಸಿದ್ದಗಂಗಮ್ಮ ಹೋಗುವಾಗ ಮೆಹತಾಬಳನ್ನು ತಬ್ಬಿಕೊಂಡು ಬಿಡಲೇ ಇಲ್ಲ. ‘ಹೋಗ್ಬುಟ್ಟು ಬರ್ತೀನಿ ಅನ್ನಮ್ಮ, ಹೋಯ್ತೀನಿ ಅನ್ಬೇಡ’ ಅಂದಳು. ಮೆಹತಾಬ್ ಏನೂ ಅನ್ನಲಿಲ್ಲ. ಮದುವೆ ಸೀರೆಯನ್ನು ಐಮನ್‌ಗೆ, ಉಳಿದ ಸೀರೆಗಳನ್ನು ಸಿದ್ದಗಂಗಮ್ಮನ ಸೊಸೆಗೆ ಕೊಟ್ಟಿದ್ದಾಳೆ. ವಾಪಸ್ ಬಂದು ಏನು ಉಡುತ್ತೀಯ ಅಂತ ತಮಾಷೆ ಮಾಡಿದೆ. ‘ನೀವು ಹೊಸದು ತರಲ್ವಾ?’ ಅಂದಳು. ನನ್ನ ನಾಟಕ ಇಷ್ಟು ದಿನ ನಡೆದದ್ದೇ ಹೆಚ್ಚು. ಈ ಹಜ್‌ನ ಗಲಾಟೆಯಲ್ಲಿ ಅವಳಿಗೆ ಯಾವ ಅನುಮಾನವೂ ಬಂದಿಲ್ಲ.

ಜನವರಿ 16, ಗುರುವಾರ

ಆದದ್ದನ್ನು ಆದ ಹಾಗೆ ಬರೆಯುತ್ತೇನೆ.

ಮಧ್ಯಾಹ್ನ ಊಟಕ್ಕೆ ಹೋದಾಗ ನಡುಮನೆಯಲ್ಲಿ ಎರಡು ಸೂಟ್‌ಕೇಸ್ ಇದ್ದವು. ನನ್ನದು ತುಂಬಿತ್ತು. ಹಜ್‌ನಲ್ಲಿ ಉಡುವ ಇಹ್ರಾಮ್‌ನ ಬಿಳಿ ಬಟ್ಟೆ ಎರಡು ಜೊತೆ, ಚಪ್ಪಲಿ, ಬಿಪಿ ಮಾತ್ರೆ, ಉಪ್ಪಿನಕಾಯಿ, ಜನ ಕೊಟ್ಟ ಕಫನ್ನು, ಚೀಟಿಗಳು. ಅವಳದ್ದನ್ನು ಎತ್ತಿದೆ. ಹಗುರವಾಗಿತ್ತು. ತೆಗೆದರೆ ಒಳಗೆ ಏನೂ ಇಲ್ಲ.

‘ನಿಂದು ಯಾವಾಗ ತುಂಬ್ತೀಯಾ?’

ಮಂಚದ ಮೇಲೆ ಗೋಡೆಗೆ ಒರಗಿ ಕೂತಿದ್ದಳು. ‘ನಾನು ಬರಲ್ಲ ಕಣ್ರೀ. ನೀವು ಹೋಗಿ ಬನ್ನಿ.’

‘ಹುಣ್ಣಿಗೆ ಹೆದರ್ಕೊಂಡು ಯಾರಾದ್ರೂ...’

‘ಹುಣ್ಣಲ್ಲ ಅಂತ ನನಗೆ ಗೊತ್ತು,’ ಅಂದಳು. ‘ಅವತ್ತು ಡಾಕ್ಟರ ರೂಮಿಂದ ಬಂದು ನನ್ನ ಚಪ್ಪಲಿ ಎತ್ತಿ ನನ್ನ ಕಾಲ ಹತ್ರ ಇಟ್ರಿ. ಮೂವತ್ತು ವರ್ಷದಲ್ಲಿ ಒಂದು ದಿನ ಇಟ್ಟೋರಲ್ಲ. ಅವಾಗ್ಲೇ ತಿಳೀತು. ಆಮೇಲೆ ನಮ್ಮ ಡಾಕ್ಟರ ಹತ್ರ ಹೋಗಿ ನಾನೇ ಕೇಳ್ದೆ.’

ಅರ್ಶಿಯಾಗೆ ಗೊತ್ತು. ಯಾಸಿರ್‌ಗೆ ಗೊತ್ತು. ಸಿದ್ದಗಂಗಮ್ಮನಿಗೂ ಗೊತ್ತು. ಅವಳಿಗೆ ಗೊತ್ತಿದೆ ಅಂತ ಗೊತ್ತಿಲ್ಲದವನು ನಾನೊಬ್ಬನೇ.

ಮತ್ತೆ ಯಾಕೆ ಸುಮ್ಮನಿದ್ದೆ, ಮೈದಾನದಲ್ಲಿ ಯಾಕೆ ನಡೆದೆ ಅಂತ ಕೂಗಿದೆ. ಅವಳು ಕೂಗಲಿಲ್ಲ.

‘ನೀವು ಓಡಾಡ್ತಿದ್ರಿ. ಓಡಾಡದೇ ಇದ್ರೆ ಕೂತ್ಕೊಂಡು ಅಳ್ತಿದ್ರಿ. ನಿಮ್ಮನ್ನ ಸಮಾಧಾನ ಮಾಡೋಕೆ ನನ್ನ ಹತ್ರ ಶಕ್ತಿ ಇರ್ಲಿಲ್ಲ. ನನಗೂ ಒಂದು ದಿನ ಹೋಗ್ಬೋದು ಅನ್ನಿಸ್ತಿತ್ತು, ಒಂದು ದಿನ ಇಲ್ಲ. ಕಾಲಿದ್ದಾಗ ಕರ್ಕೊಂಡು ಹೋಗ್ಲಿಲ್ಲ ನೀವು. ಈಗ ಅಲ್ಲಿ ಮಣ್ಣಾದ್ರೆ ಅದೃಷ್ಟ ಅಂತಾರೆ. ಇರ್ಬೋದು. ಯಾಸಿರ್ ಶಬೆ ಬರಾತ್‌ಗೆ ಯಾವ ಗೋರಿ ಮುಂದೆ ನಿಂತು ಫಾತಿಹಾ ಓದ್ತಾನೆ? ನನಗೆ ಇಲ್ಲೇ ಇರ್ಬೇಕು. ಐಮನ್ ಕಾಲೇಜಿಂದ ಬಂದು ಚಪ್ಪಲಿ ಬಿಡೋ ಸದ್ದು ಕೇಳ್ಬೇಕು.’

ನಾನು ಖಾಲಿ ಸೂಟ್‌ಕೇಸನ್ನು ಒದ್ದು ಅಂಗಡಿಗೆ ಬಂದೆ. ಷಟರ್ ಅರ್ಧ ಎಳೆದು ಇದನ್ನು ಬರೆಯುತ್ತಿದ್ದೇನೆ. ನಾನು ಅವಳಿಂದ ಕಾಯಿಲೆ ಮುಚ್ಚಿಡುತ್ತಿದ್ದೆನಲ್ಲ, ಅವಳು ನನ್ನಿಂದ ನನ್ನನ್ನೇ ಕಾಪಾಡುತ್ತಿದ್ದಳು. ಮೋಟರು, ರೇಷನ್ ಕಾರ್ಡು, ಉಪ್ಪಿನ ಡಬ್ಬ. ಯಾವುದಕ್ಕೆ ಅಂತ ಈಗ ಅರ್ಥವಾಯಿತು.

ಜನವರಿ 17, ಶುಕ್ರವಾರ

ಹೋಗುತ್ತೇನೆ. ಒಬ್ಬನೇ ಹೋಗುತ್ತೇನೆ. ಅವಳಿಗೆ ಬರಲಾಗದಿದ್ದರೆ ನಾನಾದರೂ ಹೋಗಿ ಕಾಬಾದ ಪರದೆ ಹಿಡಿದು ಅವಳ ಜೀವ ಕೇಳುತ್ತೇನೆ. ಇಲ್ಲಿ ಕೂತು ಏನು ಮಾಡಲಿ? ದಿನಾ ಅವಳು ಕರಗುವುದನ್ನು ನೋಡುತ್ತಾ ಕೂರುವ ಧೈರ್ಯ ನನಗಿಲ್ಲ. ಬರೆದೇ ಬಿಟ್ಟೆ. ನಿಜ ಅದೇ. ನನಗೆ ಧೈರ್ಯ ಇಲ್ಲ.

ಮೆಹತಾಬಳಿಗೆ ಹೇಳಿದೆ. ‘ಒಳ್ಳೇದು’ ಅಂದಳು. ‘ಅರ್ಶಿಯಾ ನಾಳೇನೇ ಬರ್ತಾಳೆ.’ ನಲವತ್ತೈದು ದಿನ ಕಾಯುತ್ತೀಯಾ ಅಂತ ಕೇಳಬೇಕು ಅನ್ನಿಸಿತು. ಕೇಳಲಿಲ್ಲ.

ಜನವರಿ 18, ಶನಿವಾರ

ನಾಳೆ ಬೆಳಗ್ಗೆ ಬೆಂಗಳೂರಿನ ಹಜ್ ಕ್ಯಾಂಪಿಗೆ ಹಾಜರಾಗಬೇಕು. ಇವತ್ತು ಅಂಗಡಿ ತೆರೆಯಲಿಲ್ಲ. ಡೈರಿಯನ್ನು ಮನೆಗೆ ತಂದು ಮೆಹತಾಬಳ ಮಂಚದ ಪಕ್ಕ ನೆಲದ ಮೇಲೆ ಕೂತು ಬರೆಯುತ್ತಿದ್ದೇನೆ. ಬೆಳಗ್ಗೆ ಅವಳಿಗೆ ಬಿಸಿನೀರು ಕಾಯಿಸಿ ಕಾಲು ಒರೆಸಿದೆ, ತಲೆ ಬಾಚಿದೆ. ಸಿಕ್ಕು ಬಿಡಿಸಲು ತುದಿಯಿಂದ ಶುರು ಮಾಡಬೇಕು, ಬುಡದಿಂದ ಎಳೆದರೆ ನೋಯುತ್ತದೆ. ಗಂಜಿಗೆ ಇವತ್ತು ಸ್ವಲ್ಪ ಜೀರಿಗೆ ಹಾಕಿದ್ದೆ. ಆರು ಚಮಚ.

ಅರ್ಶಿಯಾ ಹನ್ನೊಂದಕ್ಕೆ ಬಂದಳು. ಸೂಟ್‌ಕೇಸನ್ನು ಯಾಸಿರ್ ಬಾಗಿಲ ಹತ್ತಿರ ಇಟ್ಟಿದ್ದಾನೆ. ಮಧ್ಯಾಹ್ನದ ನಮಾಜ್ ಮುಗಿಸಿ ಬಂದು ಪಟ್ಟಿ ತೆಗೆದು ನೋಡಿದೆ. ಗುಬ್ಬಿ, ಕೋರ, ಕುಣಿಗಲ್, ಬಟವಾಡಿ, ಎಲ್ಲ ಹೆಸರಿನ ಮುಂದೆಯೂ ಗುರುತು ಬಿದ್ದಿದೆ. ಊರವರೆಲ್ಲ ಮಾಫ್ ಮಾಡಿದ್ದಾರೆ. ಪಟ್ಟಿಯಲ್ಲಿ ಬರೆಯುವುದನ್ನೇ ಮರೆತ ಹೆಸರು ಒಂದಿತ್ತು.

ಐಮನ್ ಹಿತ್ತಲಲ್ಲಿ ಪಾತ್ರೆ ತೊಳೆಯುತ್ತಿದ್ದಳು. ಮಂಚದ ಪಕ್ಕ ಕೂತು ಮೆಹತಾಬಳ ಕೈ ಹಿಡಿದೆ.

‘ಇಪ್ಪತ್ತೆರಡು ವರ್ಷ ಮುಂದಿನ ವರ್ಷ, ಮುಂದಿನ ವರ್ಷ ಅಂತ ಸುಳ್ಳು ಹೇಳ್ದೆ. ಹುಣ್ಣು ಅಂತ ಸುಳ್ಳು ಹೇಳ್ದೆ. ನಡೆಯೋಕೆ ಆಗದೇ ಇರೋಳನ್ನ ಬೈದು ನಡೆಸ್ದೆ. ಮಾಫ್ ಮಾಡ್ಬಿಡು ಮೆಹತಾಬ್.’

ಅವಳು ನನ್ನನ್ನು ನೋಡಿದಳು. ಆಮೇಲೆ ಬಾಗಿಲ ಹತ್ತಿರದ ಸೂಟ್‌ಕೇಸನ್ನು ನೋಡಿದಳು. ಕಣ್ಣು ಮುಚ್ಚಿಕೊಂಡಳು. ನೋವು ಬಂತೇನೋ ಅಂತ ಮಾತ್ರೆಗೆ ಎದ್ದೆ. ಅವಳು ಕೈ ಬಿಡಲಿಲ್ಲ.

‘ಮಾಫ್ ಮಾಡಿದ್ರೆ ನೀವು ಹೊರಟುಬಿಡ್ತೀರಿ,’ ಅಂದಳು. ‘ಮಾಡಲ್ಲ.’